ಬೆಳ್ಳಿ ಮಿಂದ ನೀರು

ಬಾಬುರಾಯನಕೊಪ್ಪಲು
ಭಾನುವಾರ, 19-2-1995

ಪ್ರೀತಿಯ ಮಗಳು ವೀಣಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವ? ಕಾಲಿನ ಊತ ಇಳಿಯಿತೇ? ಏಳು ತಿಂಗಳು ತುಂಬಿತು, ಇನ್ನು ಬಾವಿ ನೀರು ಸೇದಬೇಡ. ಅಳಿಯಂದಿರು ಸೇದಲಿ, ಅವರ ಕೈಯೇನೂ ಸವೆಯುವುದಿಲ್ಲ. ಹುಣಸೆಹಣ್ಣು ತಿನ್ನಬೇಕೆನಿಸಿದರೆ ತಿನ್ನು, ಆದರೆ ಡಬ್ಬಿಯನ್ನೇ ಖಾಲಿ ಮಾಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ನಾಯಿ ಬೆಳ್ಳಿಯೂ ಚೆನ್ನಾಗಿದ್ದಾಳೆ. ಅವಳನ್ನು ಎಲ್ಲಿಗೂ ಕಳಿಸಿಲ್ಲ, ಮೊದಲು ಅದನ್ನು ಓದಿ ಸಮಾಧಾನ ಮಾಡಿಕೋ. ಈಗ ಬಾಗಿಲಿಗೆ ಅಡ್ಡ ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ.

ಸಂಕ್ರಾಂತಿ ಕಳೆದ ವಾರ ನಿನ್ನ ಅತ್ತೆ ಬಂದು, ನಿಮ್ಮಪ್ಪ ಚಿನ್ನದ ಕೆಲಸ ಮಾಡುವ ಕೋಣೆಯಲ್ಲಿ ಕೂತು, ಕಾಲಿಗೆಲ್ಲ ಚಿಗಟ ಕಚ್ಚಿಸಿಕೊಂಡು ಹೋದದ್ದು ನಿನಗೆ ಗೊತ್ತೇ ಇದೆ. 'ಆ ನಾಯಿ ಇರೋಗಂಟ ನನ್ ಸೊಸೇನ ಬಾಣಂತನಕ್ಕೆ ಈ ಮನೆಗ್ ಕಳ್ಸಕಿಲ್ಲ ಬೀಗಿತ್ತಿ' ಎಂದು ಹೊಸಿಲಲ್ಲೇ ನಿಂತು ಹೇಳಿದರು. ಹಿಂದೆಯೇ ನಿನ್ನ ಕಾಗದ ಬಂತು, ಬೆಳ್ಳಿ ಇಲ್ಲದ ಮನೆಗೆ ನಾನೂ ಬರುವುದಿಲ್ಲ ಎಂದು. ಅತ್ತೆಯದೊಂದು ಹಟ, ಸೊಸೆಯದೊಂದು ಹಟ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರಲಾಗದ ನಾನು ಒಲೆ ಮುಂದೆ ಕೂತು ಅತ್ತುಬಿಟ್ಟೆ. ನಿಮ್ಮಪ್ಪನೋ, 'ಮಾಕವಳ್ಳಿ ಫ್ಯಾಕ್ಟ್ರಿಗೆ ಕಬ್ಬಿನ ಟ್ರಾಕ್ಟರು ಓಯ್ತವೆ, ನಾಯಿನ ಅದ್ರಲ್ಲಿ ಅತ್ತುಸ್ಬುಡ್ತೀನಿ' ಎಂದರು. ಹಾಗೆ ಅಂದ ರಾತ್ರಿಯೇ ತಮ್ಮ ತಟ್ಟೆಯ ಅರ್ಧ ಮುದ್ದೆ ಅವಳಿಗೆ ಹಾಕಿದರು.

ಬೇವಿನ ಸೊಪ್ಪು ಕುದಿಸಿ ನೀರು ಹಾಕಿದೆ, ಅರಿಶಿನ ಬಳಿದೆ, ಚಿಗಟಗಳು ಹಬ್ಬದೂಟ ಉಂಡಂತೆ ಇದ್ದವು. ಕೊನೆಗೆ ದನದ ಆಸ್ಪತ್ರೆಯ ಕಾಂಪೌಂಡರ್ ಚಿಕ್ಕಸ್ವಾಮಿ ಹೇಳಿದ ಮೇಲೆ ಮೈಸೂರಿನಿಂದ ನಾಯಿ ಶಾಂಪೂ ತರಿಸಿದೆ. 'ಮೊದ್ಲು ಕತ್ತಿಗ್ ಅಚ್ಚಿ ಅಮ್ಮಾವ್ರೆ, ಇಲ್ದಿದ್ರೆ ಎಲ್ಲಾ ತಲೆಗ್ ಓಡ್ತವೆ. ಅತ್ ನಿಮಿಷ ಬುಟ್ಟು ತೊಳೀರಿ, ಕಣ್ಣಿಗ್ ಬೀಳ್ದಂಗೆ' ಎಂದಿದ್ದ. ಬೆಳ್ಳಿಯನ್ನು ಹಳೇ ತಗಡಿನ ತೊಟ್ಟಿಯಲ್ಲಿ ನಿಲ್ಲಿಸಿ ಹತ್ತು ನಿಮಿಷ ಹಿಡಿಯುವುದಿದೆಯಲ್ಲ, ನಿನ್ನ ಮದುವೆಯಲ್ಲಿ ಹಾಡಿದ ಸೋಬಾನೆಯನ್ನೆಲ್ಲ ಇನ್ನೊಮ್ಮೆ ಹಾಡಿದೆ. ನೊರೆಯಲ್ಲಿ ಚಿಗಟ ಎಳ್ಳು ಉದುರಿದಂತೆ ಉದುರಿದವು. ತೊಟ್ಟಿಯ ನೀರನ್ನು ಚರಂಡಿಗೆ ಸುರಿಯಬೇಕು, ಅಷ್ಟರಲ್ಲಿ ನಿಮ್ಮಪ್ಪ ಓಡಿಬಂದರು. 'ಚೆಲ್ಬ್ಯಾಡ ಕಣೆ, ಅವಳು ಮೂರ್ ವರ್ಸದಿಂದ ನನ್ ಕ್ವಾಣೇಲಿ ಒಳ್ಳಾಡವ್ಳೆ.' ನೀರನ್ನೆಲ್ಲ ಪಂಚೆಯಲ್ಲಿ ಸೋಸಿ, ಉಳಿದ ಮಡ್ಡಿಯನ್ನು ತೊಳೆದು ತೊಳೆದು ನೋಡಿದರೆ ಎರಡು ಸಾಸಿವೆ ಕಾಳಿನಷ್ಟು ಚಿನ್ನ. ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ ಎನ್ನುತ್ತಾರೆ, ನಿಮ್ಮಪ್ಪ ನಾಯಿ ಮೈಮೇಲಿನದನ್ನೂ ಬಿಡಲಿಲ್ಲ. ನಗು ತಡೆಯಲಾಗದೆ ಅಲ್ಲೇ ಕೂತುಬಿಟ್ಟೆ.

ಆದರೆ ನಾಲ್ಕನೇ ದಿನಕ್ಕೆ ಬೆಳ್ಳಿ ಮತ್ತೆ ಮೈ ಕೆರೆದುಕೊಳ್ಳತೊಡಗಿದಳು. ಆಗ ನನಗೆ ಹೊಳೆಯಿತು. ಒಡವೆಗೆ ಅರ ಹಾಕಿ ಉಜ್ಜಿದಾಗ ಉದುರಿದ ಚಿನ್ನ ಇರುತ್ತದೆಂದು ನಮ್ಮ ಮನೆಯಲ್ಲಿ ಆ ಕೋಣೆಯ ಕಸ ಹೊರಗೆ ಹಾಕುವುದೇ ಇಲ್ಲವಲ್ಲ. ಗುಡಿಸಿದ ಧೂಳನ್ನೆಲ್ಲ ಮೂಲೆಯ ಮರದ ಪೆಟ್ಟಿಗೆಗೆ ತುಂಬಿ, ದೀಪಾವಳಿ ಕಳೆದ ಮೇಲೆ, ಧೂಳು ತೊಳೆದು ಚಿನ್ನ ತೆಗೆಯುವವರನ್ನು ಕರೆಸುವುದು ನಿಮ್ಮ ತಾತನ ಕಾಲದ ಪದ್ಧತಿ. ಬೆಳ್ಳಿ ಮಲಗುವ ಗೋಣಿ ಇದ್ದದ್ದು ಆ ಪೆಟ್ಟಿಗೆಯ ಪಕ್ಕದಲ್ಲೇ. ನಾಯಿಯನ್ನು ತೊಳೆದು, ಚಿಗಟದ ಮೊಟ್ಟೆಯನ್ನು ಚಿನ್ನದ ಜೊತೆ ಜೋಪಾನ ಮಾಡಿದ್ದೆವು.

ಪೆಟ್ಟಿಗೆ ಖಾಲಿ ಮಾಡಿ ಎಂದರೆ ನಿಮ್ಮಪ್ಪ ಕೇಳಬೇಕಲ್ಲ. 'ದೀಪಾವಳಿಗ್ ಮುಂಚೆ ಕದಲ್ಸುದ್ರೆ ಲಕ್ಷ್ಮಿ ಒಂಟೋಯ್ತಾಳೆ' ಎಂದರು. 'ಲಕ್ಷ್ಮಿ ಓದ್ರೆ ಮುಂದಿನ್ ವರ್ಸ ಬತ್ತಾಳೆ, ನನ್ ಮಗಳ ಚೊಚ್ಚಲು ಇನ್ನೊಂದ್ಸಲ ಬಂದದಾ?' ಎಂದು ಕೇಳಿದೆ. ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯನ್ನು ತಾವೇ ಅಂಗಳಕ್ಕೆ ಎಳೆದು ತಂದಿದ್ದರು. ಧೂಳು ತೊಳೆಯುವವರು ಬಂದು ಎಲ್ಲ ಒಯ್ದರು. ಗೋಣಿ ಸುಟ್ಟೆವು, ನೆಲಕ್ಕೆ ಕುದಿನೀರು ಹುಯ್ದು ಉಜ್ಜಿದೆವು. ಬೆಳ್ಳಿಗೆ ಎರಡನೇ ಸ್ನಾನ ಮಾಡಿಸಿದ್ದು ನಿಮ್ಮಪ್ಪನೇ. 'ಕತ್ತಿಂದ ಸುರು ಮಾಡ್ಬೇಕು ಕಣೆ, ನಿಂಗ್ ತಿಳ್ಯಕಿಲ್ಲ' ಎಂದು ನನಗೇ ಪಾಠ.

ಇವತ್ತು ನಿನ್ನ ಅತ್ತೆ ಪಟ್ಟಣದ ದೇವಸ್ಥಾನಕ್ಕೆ ಬಂದವರು, ಹೇಳದೆ ಕೇಳದೆ ಇಲ್ಲಿಗೂ ಬಂದರು. ಸಂಜೆ ಬೂಕನಕೆರೆಯ ತಮ್ಮನ ಮನೆಗೆ ಹೋಗಿ ಮೂರು ದಿನ ಇರುತ್ತಾರಂತೆ. ಬೇಕೆಂದೇ ಹೋದ ಸಲ ಕೂತ ಜಾಗದಲ್ಲೇ ಕೂತರು. ಬೆಳ್ಳಿ ನೆಟ್ಟಗೆ ಹೋಗಿ ಅವರ ಪಾದದ ಮೇಲೆ ತಲೆಯಿಟ್ಟು ಮಲಗಿದಳು. ನಿನ್ನ ಅತ್ತೆ ಕಾಫಿ ಕುಡಿಯುತ್ತಾ ಎರಡು ಸಲ ಸೀರೆ ಎತ್ತಿ ಮೀನಖಂಡ ನೋಡಿಕೊಂಡರು. ಒಂದು ಗಂಟೆ ಕೂತರೂ ಒಂದು ಸಲವೂ ಕೆರೆದುಕೊಳ್ಳಲಿಲ್ಲ. ನಿನ್ನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ನಿಮ್ಮಪ್ಪ ಬಸ್ಸು ಹತ್ತಿಸಲು ಹೋಗಿದ್ದಾರೆ. ಏನಾಗುತ್ತದೋ ಕಾಣೆ, ಅವರು ಬರುವವರೆಗೆ ಕೈಗೆ ಕೆಲಸವಿರಲೆಂದು ಇದನ್ನು ಬರೆದೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ ನಿನ್ನ ಅಮ್ಮ,
ವರಲಕ್ಷ್ಮಮ್ಮ

ವಿ.ಸೂ.: ಕಾಗದ ಮಡಿಸುವಷ್ಟರಲ್ಲಿ ನಿಮ್ಮಪ್ಪ ಬಂದರು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ನಿನ್ನ ಅತ್ತೆ, 'ಬರೋ ಬೇಸ್ತವಾರ ಬಂದು ಮಗಳ್ನ ಕರ್ಕಂಡೋಗಿ' ಅಂದರಂತೆ. ಬಟ್ಟೆ ಕಟ್ಟಿಕೋ. ನಿಮ್ಮಪ್ಪ ಅಂಗಿಯನ್ನೂ ಬಿಚ್ಚದೆ ಅಗ್ಗಿಷ್ಟಿಕೆ ಮುಂದೆ ಕೂತು ಆ ಎರಡು ಸಾಸಿವೆ ಕಾಳು ಕರಗಿಸುತ್ತಿದ್ದಾರೆ, ಮಗುವಿನ ಕೊರಳ ದಾರಕ್ಕೆ ಒಂದು ಗುಂಡು ಮಾಡುತ್ತಾರಂತೆ. ಎಲ್ಲಿಯ ಚಿನ್ನ ಎಂದು ಅತ್ತೆ ಕೇಳಿದರೆ ಮನೆಯದು ಎನ್ನು, ನಾಯಿ ಮಿಂದ ನೀರಿನದು ಎನ್ನಬೇಡ.