ಖಂಡೇಪೂಜೆಗೆ ತಿಕ್ಕಿದ ಹಲಗೆಗಳು

ಕಾರವಾರ, ೬-೧೦-೨೦೦೬

ಮೋಟೆಬೆನ್ನೂರಿನ ಮಾವನವರಿಗೆ ರುದ್ರಮುನಿಯ ಶರಣು.

ಯಾವ ಮುಖದಿಂದ ಬರೆಯಲಿ? ಈ ಕಡಲಜೀವಿಗಳ ಪ್ರಯೋಗಶಾಲೆಯಲ್ಲಿ ನಿಮ್ಮ ಮಾತಿನ ಮೇಲೆ ಕೆಲಸ ಸಿಕ್ಕಿತು. ಮೊನ್ನೆ ನವರಾತ್ರಿಯ ಖಂಡೇಪೂಜೆಗೆ, ನಿಮ್ಮ ಗ್ಯಾರೇಜಿನಲ್ಲಿ ಪಾನಾ, ಸುತ್ತಿಗೆ ತೊಳೆಯುತ್ತಿದ್ದ ಹಾಗೆಯೇ, ಇಲ್ಲಿನ ಸಾಮಾನನ್ನೆಲ್ಲ ತೊಳೆದೆ. ಬಂದರಿನಲ್ಲಿ ನೀರೊಳಗೆ ಇಳಿಬಿಟ್ಟಿದ್ದ ಆರು ಹಲಗೆಗಳನ್ನೂ ಎಳೆದು, ಅವಕ್ಕೆ ಕಟ್ಟಿದ್ದ ಬಿಳಿ ಹಕ್ಕಳೆಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ ಸಾಲಾಗಿ ನಿಲ್ಲಿಸಿದೆ.

ಇಲ್ಲಿ ಸಂಶೋಧನೆ ಮಾಡುವ ನಮ್ಮ ಮೇಡಂ ಬಂದು ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಮೆಲ್ಲಗೆ, "ಇವುಗಳ ಮೇಲಿದ್ದದ್ದು ಎಲ್ಲಿ ಹೋಯಿತು?" ಎಂದರು.

"ತಿಕ್ಕಿ ತಗದೇನ್ರೀ. ಭಾಳ ಹೊಲಸ ಕಟ್ಟಿತ್ತು" ಎಂದೆ, ಶಾಬಾಸ್ ಅನ್ನುತ್ತಾರೆಂದು.

ಬೈಯಲಿಲ್ಲ. ಹಗ್ಗದ ಗಂಟಿನಲ್ಲಿ ಉಳಿದಿದ್ದ ಉಗುರಿನಷ್ಟು ಹಕ್ಕಳೆಯನ್ನು ಕಡಲನೀರಿನ ಬಟ್ಟಲಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಮಾವ, ರವೆಯ ಕಾಳಿಗಿಂತ ಸಣ್ಣ ಕೋಣೆಗಳು, ಗೋಡೆಗೆ ಗೋಡೆ ಹತ್ತಿ ನೂರಾರು! ಒಂದೊಂದರಿಂದಲೂ ಒಂದೊಂದು ಜೀವ ಎಳೆಗಳ ಕಿರೀಟ ಹೊರಚಾಚಿ ಮೇವು ಸೆಳೆಯುತ್ತಿತ್ತು. ಮೇಜು ಅಲುಗಿದರೆ ಎಲ್ಲವೂ ಒಮ್ಮೆಲೇ ಒಳಗೆ. ಬ್ರಯೋಜೋವಾ ಎಂದು ಹೆಸರು. ಮೊದಲು ಬಂದು ಅಂಟಿದ ಒಂದೇ ಜೀವ ಚಿಗುರುತ್ತ ಚಿಗುರುತ್ತ ಇಷ್ಟೂ ಮನೆ ಕಟ್ಟುತ್ತದಂತೆ. ಮೇಡಂ ಎರಡು ತಿಂಗಳಿಂದ ಅದನ್ನೇ ಅಳೆದು ಬರೆದಿಡುತ್ತಿದ್ದರು.

ಉಪ್ಪುನೀರಿಗೆ ಅಂಗೈ ಒಡೆದಿದೆ, ಉಳಿದಂತೆ ಆರಾಮ. ಅವ್ವನಿಗೆ ಈ ಕಾರ್ಡು ಓದಿ ಹೇಳಬೇಡಿ. ಹಲಗೆಗಳನ್ನು ಮತ್ತೆ ನೀರಿಗೆ ಬಿಟ್ಟಿದ್ದೇವೆ. ದಿನಾ ಮುಂಜಾನೆ ಎಳೆದು ನೋಡುತ್ತೇನೆ. ಇನ್ನೂ ಚೊಕ್ಕಟವಾಗಿಯೇ ಇವೆ.

ರುದ್ರಮುನಿ