ನೂಡಲ್ಸ್ ಅಂಗಡಿಗೆ ಎರಡೇ ಸ್ಟಾರ್

ರಮ್ಲತ್,

ಇವತ್ತು ನಮ್ಮ ಕೊರಿಯನ್ ಡ್ರಾಮಾ ಗ್ರೂಪಿನಲ್ಲಿ ನಿನ್ನ ಹೆಸರು ಬಂತು. ನೂಡಲ್ಸ್ ಅಂಗಡಿಯ ಹುಡುಗಿ ಓಡಿಹೋದ ಅಪ್ಪನಿಗಾಗಿ ಕಾಯುವ ಆ ಡ್ರಾಮಾಕ್ಕೆ ನೀನು ಎರಡು ಸ್ಟಾರ್ ಕೊಟ್ಟಿದ್ದೆಯಲ್ಲ, ಸುಳ್ಯದ ಹೊಸ ಹುಡುಗಿಯೊಬ್ಬಳು ಅದರ ಸ್ಕ್ರೀನ್‌ಶಾಟ್ ಹಾಕಿ, "ಇಷ್ಟು ಒಳ್ಳೆಯದಕ್ಕೆ ಎರಡಾ? ಇವರಿಗೆ ಎಂತ ಗೊತ್ತುಂಟು?" ಅಂತ ಕೇಳಿದಳು.

ನನಗೆ ಸಿಟ್ಟು ಬಂತು. ಕೊನೆಯ ಕಂತು ನೋಡುವವರೆಗೆ ನೀನು ಯಾವುದಕ್ಕೂ ಎರಡಕ್ಕಿಂತ ಹೆಚ್ಚು ಕೊಡುವವಳಲ್ಲ ಎಂದು ಬರೆದೆ. "ದಮ್ಮಿನ ಮುಚ್ಚಳ ತೆಗೆಯದೆ ಬಿರಿಯಾನಿಗೆ ಮಾರ್ಕು ಕೊಡುದುಂಟಾ ಮಾರಾಯ್ತಿ?" ಎಂದು ನನ್ನ ಐದು ಸ್ಟಾರ್ ನೋಡಿ ನಗಾಡುತ್ತಿದ್ದವಳು ನೀನು.

"ಹಾಗಾದ್ರೆ ಡ್ರಾಮಾ ಮುಗಿದಾಯ್ತಲ್ಲ, ಸ್ಟಾರ್ ಸರಿ ಮಾಡ್ಲಿಕ್ಕೆ ಹೇಳಿ ಅವರಿಗೆ" ಅಂದಳು ಆ ಹುಡುಗಿ. ಕೊನೆಯ ಕಂತು ಬರುವ ಮೊದಲೇ ನೀನು ತೀರಿಕೊಂಡದ್ದು ಅವಳಿಗೆ ಗೊತ್ತಿಲ್ಲ. ಅದನ್ನು ಅರ್ಧ ಬರೆದು ಅಳಿಸಿದೆ. "ಹೇಳ್ತೇನೆ" ಎಂದಷ್ಟೇ ಬರೆದು ಮೊಬೈಲನ್ನು ಕವುಚಿ ಇಟ್ಟೆ.

ಅದಕ್ಕೇ ಹೇಳುತ್ತಿದ್ದೇನೆ. ಅಪ್ಪ ಮರಳಿ ಬಂದ, ರಮ್ಲತ್. ಅಂಗಡಿಯ ಮೂಲೆಯಲ್ಲಿ ಕೂತು, ಮಗಳು ತಂದಿಟ್ಟದ್ದನ್ನು ಪೂರ್ತಿ ಉಂಡ.

ಐದು ಕೊಡು ಮಾರಾಯ್ತಿ.

ಚೈತನ್ಯಾ