ಜೋಡಿ ಡಿಸ್ಕ್ ಫಾರ್ಮ್ಯಾಟ್ ಮಾಡುವ ಮೊದಲು

ಪುಟ್ಟೀ,

ಸ್ಟುಡಿಯೋಗೆ ಹೊರಟೆ. ಮನೆಯ ಫೋಟೋ, ವಿಡಿಯೋ ಇಡಲು ತಂದ ಹೊಸ ಜೋಡಿ ಡಿಸ್ಕಿಗೆ ಯಾವ ಫಾರ್ಮ್ಯಾಟ್ ಎಂದು ಕಂಪ್ಯೂಟರ್ ಪರದೆ ಇನ್ನೂ ಕೇಳುತ್ತಲೇ ಇದೆ, ನಾನು ಮುಟ್ಟಿಲ್ಲ.

“ಒಂದು ಕೆಟ್ರೆ ಇನ್ನೊಂದ್ರಲ್ಲಿ ಇರತ್ತಮ್ಮ, ಕನ್ನಡಿ ಥರ” ಅಂದೆಯಲ್ಲ, ಸರಿ. ಆದರೆ ನಿಮ್ಮಪ್ಪ ಕೈತಪ್ಪಿ ಏನಾದರೂ ಅಳಿಸಿದರೆ? ಕನ್ನಡಿಯೂ ಅಳಿಸಿಬಿಡುವುದಿಲ್ಲವೇ? ನಿನ್ನೆ ಇದ್ದದ್ದನ್ನು ಹಾಗೇ ಹಿಡಿದಿಡುವ ಫಾರ್ಮ್ಯಾಟ್ ಆ ಪಟ್ಟಿಯಲ್ಲಿದ್ದರೆ ಅದನ್ನೇ ಆರಿಸು, ನಿಧಾನವಾದರೂ ಪರವಾಗಿಲ್ಲ.

ಚಹಾ ಫ್ಲಾಸ್ಕಿನಲ್ಲಿದೆ.

ಹೊಸ ಡಿಸ್ಕಿಗೆ ಮೊದಲು ನನ್ನದೊಂದು ಕೆಟ್ಟ ಫೋಟೋ ಹಾಕಿಡು. ಅದನ್ನು ಅಳಿಸಿ ವಾಪಸ್ ತರುವುದು ಮಾತ್ರ ನಾನು ಬಂದ ಮೇಲೆ. ಹೇಗೆ ಬರುತ್ತದೆಂದು ನಾನೂ ನೋಡಬೇಕು.

ಅಜ್ಜಿ ನಗುವ ವಿಡಿಯೋ ಇರುವ ಹಳೇ ಡಿಸ್ಕನ್ನು ಮನೆಯೆಲ್ಲ ಹುಡುಕಬೇಡ. ಅದಕ್ಕೆ ಬೇರೆ ಪ್ರತಿ ಇಲ್ಲ, ನನ್ನ ಚೀಲದಲ್ಲಿದೆ. ಆ ಕೆಟ್ಟ ಫೋಟೋ ವಾಪಸ್ ಬಂದರೆ, ಹೊಸದಕ್ಕೆ ನಕಲಿಸಲು ಕೊಡುತ್ತೇನೆ.

ಅಮ್ಮ